ಮೊಟ್ಟೆ ಕಮ್ಮಿಯಾದ ಫಾರಂ ಕೋಳಿ ತಂದು ಏನ್ಮಾಡ್ತೀರಿ?

ಕುಮಟಾ ಪೇಟೆಯಲ್ಲಿ ಸಿಕ್ಕವರು, ಮನೆಗೆ ಬಂದ ನೆಂಟರು, ತೆಂಗಿನಕಾಯಿ ಕೊಯ್ಯಲು ಬರುವವರು, ಎಲ್ಲರದ್ದೂ ಇದೇ ಪ್ರಶ್ನೆ. "ಅಕ್ಕಾ, ಊರು ಕೋಳಿ ಇರುವಾಗ ಈ ಬಿಳಿ ಕೋಳಿ ಯಾಕೆ? ಮೊಟ್ಟೆ ಮುಗಿದ ಮೇಲೆ ಫಾರಂನವರು ಮಾರಿದ್ದಲ್ವಾ? ಇವು ನಮ್ಮ ಕೋಳಿ ಜೊತೆ ಬದುಕ್ತಾವಾ?" ಅವುಗಳ ಮೊಟ್ಟೆ ಮುಗಿದಿರುವುದಿಲ್ಲ. ಆಯಸ್ಸಂತೂ ಮುಗಿದಿರುವುದೇ ಇಲ್ಲ. ನಾವು ಅವಸರ ಮಾಡದಿದ್ದರೆ ಊರು ಕೋಳಿಗಳ ಜೊತೆ ಚೆನ್ನಾಗಿಯೇ ಬದುಕುತ್ತವೆ.

ಮೊಟ್ಟೆ ಫಾರಂನಲ್ಲಿ ಕೋಳಿ ಸುಮಾರು 18-20 ವಾರಕ್ಕೆ ಮೊಟ್ಟೆ ಇಡಲು ಶುರು ಮಾಡುತ್ತದೆ. ವರ್ಷಕ್ಕೆ 300ರ ಹತ್ತಿರ ಇಡುತ್ತದೆ. 72-80 ವಾರ ಆಗುವ ಹೊತ್ತಿಗೆ ಮೊಟ್ಟೆ ಕಮ್ಮಿಯಾಗಿ ಚಿಪ್ಪು ತೆಳುವಾಗುತ್ತದೆ. ಆಹಾರದ ಖರ್ಚು ಹುಟ್ಟುವುದಿಲ್ಲ ಅಂತ ಇಡೀ ಗುಂಪನ್ನೇ ಮಾಂಸಕ್ಕೆ ಸಾಗಿಸುತ್ತಾರೆ. ಆಗ ಅದಕ್ಕೆ ಒಂದೂವರೆ ವರ್ಷ. ಹಿತ್ತಲಲ್ಲಿ ನೋಡಿಕೊಂಡ ಕೋಳಿ ಐದಾರು ವರ್ಷ ಬದುಕಬಲ್ಲದು. ಆ ಒಂದೂವರೆ ವರ್ಷದಲ್ಲಿ ಹೆಚ್ಚಿನ ದಿನ ಕಳೆದಿದ್ದು ತಂತಿ ಪಂಜರದಲ್ಲಿ. ಒಂದು ಕೋಳಿಗೆ ಸಿಗುವ ಜಾಗ ಎ4 ಹಾಳೆಗಿಂತ ಕಮ್ಮಿ. ರೆಕ್ಕೆ ಬಿಚ್ಚಲು ಆಗುವುದಿಲ್ಲ, ಮಣ್ಣು ಕೆದರಲು ಆಗುವುದಿಲ್ಲ. ಪ್ರಾಣಿಯನ್ನು ಅಲುಗಾಡಲೂ ಆಗದ ಪಂಜರದಲ್ಲಿಡುವುದು ತಪ್ಪು ಅಂತ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಹೇಳುತ್ತದೆ. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಈ ಕೋಳಿಗಳ ಬಗ್ಗೆಯೇ ಬರೆಯಿತು. ನಾನು ನಾಲ್ಕಾರು ಕೋಳಿ ತಂದರೆ ಫಾರಂ ಬದಲಾಗುವುದಿಲ್ಲ, ಅದು ಕಾನೂನಿನಿಂದಲೇ ಆಗಬೇಕು. ಆದರೆ ಹಿತ್ತಲಲ್ಲಿ ಜಾಗ ಇದೆ, ಕೈಯಲ್ಲಿ ಆಗುತ್ತದೆ, ಹಾಗಾಗಿ ತರುತ್ತೇನೆ.

ಬ್ರಿಟನ್‌ನಲ್ಲಿ ಇದೇ ಕೆಲಸಕ್ಕೆ 2005ರಿಂದ ಬ್ರಿಟಿಷ್ ಹೆನ್ ವೆಲ್‌ಫೇರ್ ಟ್ರಸ್ಟ್ ಇದೆ. ಅವರು ಫಾರಂನಿಂದ ಕೋಳಿ ತಂದು ಮನೆಗಳಿಗೆ ಹಂಚುತ್ತಾರೆ. ನಾನು ಘಟ್ಟದ ಮೇಲಿನ ಫಾರಂನವರನ್ನು, ಕೋಳಿ ಗಾಡಿಯವರನ್ನು ನೇರವಾಗಿ ಕೇಳಿ ತರುತ್ತೇನೆ.

ಬಂದ ದಿನ ನೋಡಿದರೆ ಹೊಟ್ಟೆ ಚುರ್ ಅನ್ನುತ್ತದೆ. ಕುತ್ತಿಗೆಯಲ್ಲಿ, ಎದೆಯಲ್ಲಿ ಪುಕ್ಕ ಇರುವುದಿಲ್ಲ. ಉಗುರು ಉದ್ದ ಬೆಳೆದಿರುತ್ತದೆ. ಜುಟ್ಟು ಬಿಳಿಚಿಕೊಂಡು ಒಂದು ಕಣ್ಣಿನ ಮೇಲೆ ಜೋತು ಬಿದ್ದಿರುತ್ತದೆ. ಕೊಕ್ಕಿನ ತುದಿ ಕತ್ತರಿಸಿರುವುದರಿಂದ ನೆಲದ ಮೇಲಿನ ಅಕ್ಕಿ ಕಾಳು ಹೆಕ್ಕುವುದು ಕಷ್ಟ. ಅದಕ್ಕೆ ಲೇಯರ್ ಫೀಡ್‌ಗೆ (ಮೊಟ್ಟೆ ಕೋಳಿಯ ಮೇವಿಗೆ) ನೀರು ಹಾಕಿ ಉದುರುದುರಾಗಿ ಕಲಸಿ, ಅಗಲ ತಟ್ಟೆಯಲ್ಲಿ ಕೊಡುತ್ತೇನೆ. ಫಾರಂನಲ್ಲಿ ನಳಿಕೆಗೆ ಕೊಕ್ಕು ತಾಗಿಸಿ ಕುಡಿದ ಕೋಳಿಗೆ ಬೋಗುಣಿಯ ನೀರು ಗೊತ್ತಾಗದೇ ಇರಬಹುದು. ಕೊಕ್ಕನ್ನು ಎರಡು ಸಲ ಮೆಲ್ಲಗೆ ಅದ್ದಿದರೆ ಕಲಿಯುತ್ತದೆ. ಎಲುಬು ತುಂಬಾ ಸೂಕ್ಷ್ಮ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಮೇವಿನಲ್ಲಿ ಸಾಲದಿದ್ದರೆ ಅದು ಎಲುಬಿನಿಂದಲೇ ಬರಬೇಕು. ಹಾಗಾಗಿ ರೆಕ್ಕೆ ಹಿಡಿದು, ಕಾಲು ಹಿಡಿದು ಎತ್ತಲೇಬಾರದು. ಎರಡೂ ಕೈಯಲ್ಲಿ ಮೈಯನ್ನು ಮೆಲ್ಲಗೆ ಬಳಸಿ ಹಿಡಿದು ಎತ್ತಬೇಕು. ಅಘನಾಶಿನಿ ಹೊಳೆ ದಡದವರಿಗೆ ಈ ಕ್ಯಾಲ್ಸಿಯಂ ಕೊರತೆಗೆ ಮದ್ದು ಮನೆ ಬಾಗಿಲಲ್ಲೇ ಇದೆ. ಬಳಚಿನ, ಅಂದರೆ ಹೊಳೆಯ ಚಿಪ್ಪುಮೀನಿನ ಚಿಪ್ಪನ್ನು ಉಪ್ಪು ಹೋಗುವಂತೆ ತೊಳೆದು, ಒಣಗಿಸಿ, ತರಿತರಿಯಾಗಿ ಕುಟ್ಟಿ ಬೇರೆ ತಟ್ಟೆಯಲ್ಲಿ ಇಟ್ಟರಾಯಿತು. ಬೇಕಾದಷ್ಟು ಅವೇ ತಿನ್ನುತ್ತವೆ.

ಮೊದಲ ಸಲ ಮಣ್ಣಿಗೆ ಬಿಟ್ಟಾಗ ಕೆಲವು ನಿಂತಲ್ಲೇ ನಿಲ್ಲುತ್ತವೆ. ಕಾಲೆತ್ತಿ ಮತ್ತೆ ಅಲ್ಲೇ ಇಡುತ್ತವೆ. ಬಚ್ಚಲೊಲೆಯ ಬೂದಿ, ಒಣ ಮಣ್ಣು ಸೇರಿಸಿ ಒಂದು ಮೂಲೆಯಲ್ಲಿ ಹಾಕಿಟ್ಟಿರುತ್ತೇನೆ. ಕೆಲವು ದಿನ ಅದರ ಸುತ್ತ ಓಡಾಡುತ್ತವೆ ಅಷ್ಟೆ. ಆಮೇಲೆ ಒಂದು ಕೋಳಿ ಕೂತು ಎದೆಯನ್ನು ಮಣ್ಣಿಗೆ ಒತ್ತುತ್ತದೆ, ಒಂದು ಕಾಲಿನಿಂದ ಬೂದಿಯನ್ನು ರೆಕ್ಕೆ ಸಂದಿಗೆ ಎರಚಿಕೊಳ್ಳುತ್ತದೆ, ಮಗ್ಗುಲಾಗಿ ಕಣ್ಣು ಅರೆ ಮುಚ್ಚುತ್ತದೆ. ಅದಕ್ಕೆ ಯಾರೂ ಕಲಿಸಿಲ್ಲ, ಬೇರೆ ಕೋಳಿ ಮಾಡುವುದನ್ನು ನೋಡಿಯೂ ಇಲ್ಲ. ಎದ್ದು ಮೈ ಕೊಡವಿದರೆ ಮೂಲೆ ತುಂಬಾ ಧೂಳು. ಇದನ್ನು ನೋಡಿದ ಮೇಲೆ "ಫಾರಂ ಕೋಳಿಗೆ ಏನು ಗೊತ್ತು" ಅನ್ನುವ ಮಾತು ನನಗೆ ಸಹಿಸಲು ಆಗುವುದಿಲ್ಲ.

ಇನ್ನು ಊರು ಕೋಳಿಗಳ ಜೊತೆ ಸೇರಿಸುವ ವಿಷಯ. ಮೂರು-ನಾಲ್ಕು ವಾರ ಸೇರಿಸಲೇಬೇಡಿ. ಹೊಸ ಕೋಳಿ ದೂರದ ಬೇರೆ ಗೂಡಿನಲ್ಲಿರಬೇಕು. ತಟ್ಟೆ ಬೇರೆ, ನೀರು ಬೇರೆ. ಮೊದಲು ಹಳೆ ಕೋಳಿಗೆ ಹಾಕಿ, ಆಮೇಲೆ ಹೊಸದಕ್ಕೆ ಹಾಕಿ, ಕೈಕಾಲು ತೊಳೆದುಕೊಳ್ಳಿ. ಚೆನ್ನಾಗಿ ಕಾಣುವ ಕೋಳಿಯೂ ರೋಗ ತರಬಹುದು. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಹೊಕ್ಕರೆ ಹಸಿರು ಬೇಧಿ, ಸೊಟ್ಟ ಕುತ್ತಿಗೆ, ಕೆಲವೇ ದಿನದಲ್ಲಿ ಗೂಡು ಖಾಲಿ. ಅದಕ್ಕೆ ಚಿಕಿತ್ಸೆ ಇಲ್ಲ, ಲಸಿಕೆ ಮಾತ್ರ. ಫಾರಂ ಕೋಳಿಗೆ ಲಸಿಕೆ ಸಾಮಾನ್ಯವಾಗಿ ಆಗಿರುತ್ತದೆ, ಆಗದೇ ಇರುವುದು ನಮ್ಮ ಊರು ಕೋಳಿಗೇ. ಲಸಿಕೆ ಬಾಟಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಅದಕ್ಕೆ ಕೇರಿಯವರೆಲ್ಲ ಸೇರಿ ಪಶು ಆಸ್ಪತ್ರೆಯವರನ್ನು ಕೇಳಿ ಒಂದೇ ದಿನ ಹಾಕಿಸಿಕೊಳ್ಳುವುದು ಒಳ್ಳೆಯದು. ಪಕ್ಕದ ಮನೆ ಕೋಳಿ ನಿಮ್ಮ ಹಿತ್ತಲಿಗೆ ಬರದೇ ಇರುತ್ತದಾ?

ಆಮೇಲೆ ಬಲೆ ಅಡ್ಡ ಹಾಕಿ ಒಂದೆರಡು ವಾರ ಬರೀ ನೋಡಲು ಬಿಡಿ. ಕೋಳಿಗಳಲ್ಲಿ ಯಾರು ಮೇಲು, ಯಾರು ಕೆಳಗು ಅನ್ನುವ ಲೆಕ್ಕ ಇರುತ್ತದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಷೆಲ್ಡರಪ್ ಎಬ್ಬೆ ಎಂಬವರು ಇದನ್ನು 1921ರಲ್ಲೇ ಬರೆದಿಟ್ಟಿದ್ದಾರೆ. ಹೊಸಬರು ಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ಕುಕ್ಕಾಟ ಇದ್ದೇ ಇರುತ್ತದೆ, ಗಾಬರಿ ಬೇಡ. ನನ್ನ ಗುಂಪಿನ ದೊಡ್ಡ ಹೇಂಟೆ ಹೊಸಬರನ್ನೆಲ್ಲ ಒಂದು ಸುತ್ತು ಅಟ್ಟುತ್ತದೆ, ತಲೆ ತಗ್ಗಿಸಿ ಪಕ್ಕಕ್ಕೆ ಹೋದವರನ್ನು ಬಿಟ್ಟುಬಿಡುತ್ತದೆ. ನೀವು ನೋಡಬೇಕಾದದ್ದು ರಕ್ತ. ಕೆಂಪು ಕಂಡರೆ ಉಳಿದವೂ ಅಲ್ಲಿಗೇ ಕುಕ್ಕುತ್ತವೆ, ತಕ್ಷಣ ಆ ಕೋಳಿಯನ್ನು ಬೇರೆ ಮಾಡಿ. ಮೇವು-ನೀರು ಎರಡು ಮೂರು ಕಡೆ ಇಡಿ. ಅಡಿಕೆ ಸೋಗೆ ಒರಗಿಸಿಟ್ಟರೆ ಅಡಗಲು ಜಾಗವಾಗುತ್ತದೆ. ಒಂದೇ ಕೋಳಿ ತಂದು ಬಿಡಬೇಡಿ, ಏಟೆಲ್ಲ ಅದಕ್ಕೊಂದಕ್ಕೇ ಬೀಳುತ್ತದೆ. ಮೂರಾದರೂ ಇರಲಿ.

ಬಿಳಿ ಕೋಳಿ ಗಿಡುಗದ ಕಣ್ಣಿಗೆ ಬೇಗ ಬೀಳುತ್ತದೆ. ಹುಂಜ ಎಚ್ಚರಿಸಿದ ಕೂಡಲೇ ಊರು ಕೋಳಿ ಮಟ್ಟಿಯೊಳಗೆ ನುಗ್ಗುತ್ತವೆ, ಇವು ಶುರುವಿಗೆ ಬಯಲಲ್ಲೇ ನಿಲ್ಲುತ್ತವೆ. ಓಡಾಡುವ ಜಾಗಕ್ಕೆ ಮೇಲೂ ಬಲೆ ಹಾಕಿ. ಮುಂಗುಸಿ ಹಗಲಿಗೆ, ಕಬ್ಬೆಕ್ಕು ರಾತ್ರಿಗೆ. ಗೂಡಿನ ಬಾಗಿಲು ಮುಸ್ಸಂಜೆಗೆ ಮುಚ್ಚಲೇಬೇಕು.

ಮೊಟ್ಟೆ? ಪುಕ್ಕ ಉದುರಿಸಿ ಹೊಸದು ಬರುವಾಗ ಕೆಲವು ವಾರ ನಿಲ್ಲುತ್ತದೆ. ಪುಕ್ಕಕ್ಕೆ ಪ್ರೋಟೀನ್ ಬೇಕು, ಒಣ ಶೆಟ್ಲಿ (ಸೀಗಡಿ), ಒರಲೆ (ಗೆದ್ದಲು) ಕೊಡುತ್ತೇನೆ. ಆಮೇಲೆ ಮತ್ತೆ ಇಡುತ್ತವೆ, ಮೊದಲಿನಷ್ಟಲ್ಲ, ಮನೆಗೆ ಸಾಕು. ಕಾವಿಗೆ ಮಾತ್ರ ಇವು ಕೂರುವುದಿಲ್ಲ, ಮರಿ ಬೇಕಿದ್ದರೆ ಊರು ಹೇಂಟೆಯೇ ಬೇಕು. ಎಲ್ಲವೂ ತುಂಬಾ ವರ್ಷ ಬದುಕುತ್ತವೆ ಅಂತಲೂ ಹೇಳುವುದಿಲ್ಲ. ಅಷ್ಟು ಮೊಟ್ಟೆ ಇಟ್ಟ ಮೈ, ಮೊಟ್ಟೆ ಹೊಟ್ಟೆಯೊಳಗೇ ಒಡೆದು ಕೊಳೆತು ಸಾಯುವುದೂ ಉಂಟು. ಸತ್ತಾಗ ಬೇಜಾರು ಆಗಿಯೇ ಆಗುತ್ತದೆ.

ಮಳೆಗಾಲದಲ್ಲಿ ತರಬೇಡಿ. ಜೂನಿನಿಂದ ನಮ್ಮ ಕರಾವಳಿಯಲ್ಲಿ ಯಾವುದೂ ಒಣಗುವುದಿಲ್ಲ. ಒದ್ದೆ ಹೊಟ್ಟಿನ ಮೇಲೆ ನಿಂತ ಕೋಳಿಗೆ ರಕ್ತಬೇಧಿ ಹಿಡಿಯುತ್ತದೆ, ಪುಕ್ಕವಿಲ್ಲದ ಮೈಗೆ ಥಂಡಿ ತಾಗುತ್ತದೆ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಗೂಡಿನೊಳಗೆ ಒಂದು ಕೋಳಿಗೆ 2 ಚದರ ಅಡಿಯಾದರೂ ಬೇಕು, ಹೊರಗೆ ಅದರ ನಾಲ್ಕೈದು ಪಟ್ಟು. ಕೂರುವ ಗಳ ಮೊಣಕಾಲೆತ್ತರಕ್ಕಿಂತ ಕೆಳಗಿರಲಿ, ಇವಕ್ಕೆ ಹಾರಿ ಅಭ್ಯಾಸವಿಲ್ಲ. "ನಮಗೂ ನಾಲ್ಕು ಕೋಳಿ ಕೊಡಿಸಿ" ಅಂತ ಯಾರಾದರೂ ಬಂದರೆ, ನಾನು ಮೊದಲು ಅವರ ಮನೆಗೆ ಹೋಗಿ ಗೂಡು ನೋಡಿ ಬರುತ್ತೇನೆ.