ಮಳೆ ಬಿದ್ದ ರಾತ್ರಿ ಮಣ್ಣಿನ ಉಸಿರು

ನಾಲ್ಕು ವಾರದಿಂದ ಒಂದು ಹನಿ ಬಿದ್ದಿರಲಿಲ್ಲ. ಹುಲ್ಲು ಒಣಗಿ ಮಂಡಿಗೆ ಚುಚ್ಚುತ್ತಿತ್ತು. ನೆಲದಲ್ಲಿ ಮೊದಲೇ ಹೂತಿಟ್ಟಿದ್ದ ಪ್ಲಾಸ್ಟಿಕ್ ಬಳೆಯ ಮೇಲೆ ಚೇಂಬರ್, ಅಂದರೆ ಗಾಳಿ ಆಚೆ ಹೋಗದ ಡಬ್ಬಿ, ಕೂರಿಸಿ ಮುಚ್ಚಿದೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಎಷ್ಟು ಬೇಗ ಏರುತ್ತದೆ ಅಂತ ನೋಡಬೇಕು, ಅದೇ ಮಣ್ಣಿನ ಉಸಿರಿನ ಲೆಕ್ಕ. ಪರದೆಯಲ್ಲಿ 421 ಇತ್ತು, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 421 ಪಾಲು. ಸುಮಾರು ಹೊತ್ತು ಅಲ್ಲೇ ನಿಂತಿತ್ತು. ಎರಡು ನಿಮಿಷಕ್ಕೆ ಬಂದಿದ್ದು ಬರೀ 430.

ಮಣ್ಣಿನ ಬಿಸಿ 31 ಡಿಗ್ರಿ. ಮಣ್ಣಿನ ಉಸಿರನ್ನು ಅಂದಾಜು ಮಾಡಲು ನಾನು ಕಟ್ಟುತ್ತಿದ್ದ ಗಣಿತದ ಮಾಡೆಲ್ ಪ್ರಕಾರ ಇದರ ನಾಲ್ಕು ಪಟ್ಟು ಏರಬೇಕಿತ್ತು.

ಎಲೆ, ಕಾಂಡ, ಬೇರು, ಮಣ್ಣಿನ ಸೂಕ್ಷ್ಮಜೀವಿಗಳು ಎಲ್ಲವೂ ಹಗಲು ರಾತ್ರಿ ಉಸಿರಾಡುತ್ತವೆ. ಇದೇನು ಸಣ್ಣ ಸಂಗತಿಯಲ್ಲ. ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು ಮನುಷ್ಯ ಬಿಡುವ ಇಂಗಾಲದ 10 ಪಟ್ಟಿಗೂ ಜಾಸ್ತಿ ಪ್ರತಿ ವರ್ಷ ಹೀಗೆ ನೆಲದಿಂದ ಗಾಳಿಗೆ ಹೋಗುತ್ತದೆ. ಅದಕ್ಕಿಂತ ತುಸು ಹೆಚ್ಚನ್ನು ಎಲೆಗಳು ವಾಪಸ್ ಎಳೆದುಕೊಳ್ಳುತ್ತವೆ. ಆ 'ತುಸು' ಮುಂದೆಯೂ ಉಳಿಯುತ್ತದಾ ಅನ್ನೋದೇ ನನ್ನನ್ನು ಈ ಕೆಲಸಕ್ಕೆ ಎಳೆದ ಪ್ರಶ್ನೆ.

ಮಾಡೆಲ್‌ನಲ್ಲಿ ಆಗ ಇದ್ದದ್ದು ಬಿಸಿ ಒಂದೇ. 1994ರಲ್ಲಿ ಲಾಯ್ಡ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು ಕೊಟ್ಟ ಸೂತ್ರ. 10 ಡಿಗ್ರಿ ಏರಿದರೆ ಉಸಿರಾಟ ಎರಡು ಪಟ್ಟು ಅನ್ನುವ ಹಳೆಯ ಲೆಕ್ಕಕ್ಕಿಂತ ಇದು ಮೇಲು. ಅದೇ ಒಂದು ಡಿಗ್ರಿ ಚಳಿಯಲ್ಲಿ ಏರಿದರೆ ಉಸಿರಾಟ ಶೇಕಡಾವಾರು ಜಾಸ್ತಿ ಏರುತ್ತದೆ, ಸೆಕೆಯಲ್ಲಿ ಏರಿದರೆ ಕಡಿಮೆ ಅನ್ನೋದನ್ನು ಇದು ಹಿಡಿಯುತ್ತದೆ. ಚಳಿಗಾಲದ ಅಳತೆಗಳಿಗೆ ಗೆರೆ ಎಳೆದ ಹಾಗೆ ಹೊಂದಿತ್ತು. ಒಣ ದಿನ ಬಂದದ್ದೇ ಕೈಕೊಟ್ಟಿತು.

ಅವತ್ತೇ ಸಂಜೆ ಮಳೆ ಬಂತು. ಅರ್ಧ ಗಂಟೆ, ಅಷ್ಟೇ. ನಿಂತ ಮೇಲೆ ಟಾರ್ಚ್ ಹಿಡಿದು ಅದೇ ಬಳೆಯ ಹತ್ತಿರ ಹೋದೆ. ಮಣ್ಣು ಘಮ್ಮೆನ್ನುತ್ತಿತ್ತು. ಬಿಸಿ 24 ಡಿಗ್ರಿಗೆ ಇಳಿದಿತ್ತು. ಚೇಂಬರ್ ಮುಚ್ಚಿದ್ದೇ ತಡ, ಅಂಕಿ ಓಡತೊಡಗಿತು. 435, 443, 452... ಎರಡು ನಿಮಿಷದೊಳಗೆ 500 ದಾಟಿತು. ಚೇಂಬರ್ ಸರಿಯಾಗಿ ಕೂತಿಲ್ಲವೇನೋ ಅಂತ ತೆಗೆದು ಒರೆಸಿ ಮತ್ತೆ ಇಟ್ಟೆ. ಮತ್ತೂ ಅಷ್ಟೇ.

ಇದನ್ನು ಬರ್ಚ್ ಪರಿಣಾಮ ಅನ್ನುತ್ತಾರೆ, 1958ರ ಸುಮಾರಿಗೆ ಇದರ ಬಗ್ಗೆ ಬರೆದ ವಿಜ್ಞಾನಿ ಬರ್ಚ್ ಅವರ ಹೆಸರಲ್ಲಿ. ಒಣಗಿದ ಮಣ್ಣಿಗೆ ನೀರು ಬಿದ್ದರೆ ಸುಮ್ನೆ ಮಲಗಿದ್ದ ಸೂಕ್ಷ್ಮಜೀವಿಗಳು ಏಳುತ್ತವೆ. ಒಣಗಿ ಸತ್ತವುಗಳ ಅವಶೇಷ, ಮಣ್ಣಿನ ಕಾಳುಗಳೊಳಗೆ ಸಿಕ್ಕಿಕೊಂಡಿದ್ದ ಆಹಾರ ಎಲ್ಲ ಒಟ್ಟಿಗೆ ಕೈಗೆ ಸಿಗುತ್ತದೆ. ಓದಿ ಗೊತ್ತಿತ್ತು. ಕಣ್ಣೆದುರು ಅಂಕಿ ಓಡುವುದನ್ನು ನೋಡೋದೇ ಬೇರೆ.

ಮಾಡೆಲ್‌ಗೆ ಮಳೆಯನ್ನೂ ಸೇರಿಸಿದೆ. ಒಣ ದಿನಗಳು ಸರಿಹೋದವು. ಆದರೆ ಪಕ್ಕದ ಹಸಿರು ಮರಗಳ ಕೆಳಗಿನ ಅಳತೆ ಹೊಂದಲಿಲ್ಲ. ಮಳೆಯ ಅಬ್ಬರ ಇಳಿದು ಒಂದು ವಾರವಾಗಿದ್ದರೂ, ಬಿಸಿ ಮತ್ತು ತೇವ ಎರಡೂ ಕಡೆ ಹೆಚ್ಚೂಕಡಿಮೆ ಒಂದೇ ಇದ್ದರೂ, ಅಲ್ಲಿನ ಉಸಿರು ಜಾಸ್ತಿ. ಆಗ ನೆನಪಾದದ್ದು ಉತ್ತರ ಸ್ವೀಡನ್‌ನ ಪೈನ್ ಕಾಡಿನ ಪ್ರಯೋಗ, 2001ರಲ್ಲಿ ಪ್ರಕಟವಾದದ್ದು. ಮರದ ಸುತ್ತ ತೊಗಟೆ ಸುಲಿದು ಎಲೆಯ ಸಕ್ಕರೆ ಬೇರಿಗೆ ಇಳಿಯದ ಹಾಗೆ ಮಾಡಿದರು. ಒಂದೆರಡು ತಿಂಗಳಲ್ಲಿ ಮಣ್ಣಿನ ಉಸಿರು ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು. ಅಂದರೆ ಮಣ್ಣಿನಿಂದ ಬರುವ ಉಸಿರಲ್ಲಿ ದೊಡ್ಡ ಪಾಲು ಎಲೆಗಳು ಈಚೆಗೆ ಮಾಡಿದ ಅಡುಗೆಯದ್ದು! ಗಿಡವನ್ನು ಬಿಟ್ಟು ಬರೀ ಥರ್ಮಾಮೀಟರ್ ನೋಡಿದರೆ ಲೆಕ್ಕ ಹೇಗೆ ಸರಿಹೋದೀತು, ಅಲ್ವಾ?

2011ರಲ್ಲಿ ಮಿಲ್ಯವಾಕ್ಕ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಬಿಸಿ, ಮಳೆ, ಗಿಡಗಳ ದುಡಿಮೆ ಮೂರನ್ನೂ ಒಂದೇ ಮಾಡೆಲ್‌ನಲ್ಲಿ ತಂದಿದ್ದರು. ನಾನೂ ಆ ದಾರಿಯನ್ನೇ ಹಿಡಿದು ಎಲೆಗಳ ಹರವು ಮತ್ತು ಅವು ಹಿಡಿದಿಟ್ಟ ಇಂಗಾಲವನ್ನು ಸೇರಿಸಿದೆ. ನಕ್ಷೆಯಲ್ಲಿ ಮರದಡಿಯ ಅಳತೆಗಳ ಚುಕ್ಕೆಗಳು ಮಾಡೆಲ್‌ನ ಗೆರೆಯ ಹತ್ತಿರ ಬಂದು ಕೂತವು. ಆ ಸಂಜೆ ನಿಜಕ್ಕೂ ಖುಷಿಯಾಯಿತು.

ಮಳೆ ಬಿದ್ದ ಆ ರಾತ್ರಿಯ ಚುಕ್ಕೆ ಮಾತ್ರ ಈಗಲೂ ಗೆರೆಗಿಂತ ತುಂಬಾ ಮೇಲಿದೆ. ನನ್ನ ಮಾಡೆಲ್ ನೋಡುವುದು ಹಿಂದಿನ 30 ದಿನಗಳ ಒಟ್ಟು ಮಳೆಯನ್ನು, ಅರ್ಧ ಗಂಟೆಯ ಮಳೆ ಅದರಲ್ಲಿ ಕರಗಿಹೋಗುತ್ತದೆ. ಹಾಗಾಗಿ ಬಳೆಯ ಪಕ್ಕ, 5 ಸೆಂಟಿಮೀಟರ್ ಆಳದಲ್ಲಿ, ತೇವ ಅಳೆಯುವ ಸೆನ್ಸರ್ ಹೂತು ಬಂದಿದ್ದೇನೆ. ನೆಲ ಮತ್ತೆ ಒಣಗುತ್ತಿದೆ.