ಕಂಟ್ರೋಲ್ ಝಡ್ ಒತ್ತಿ ಒತ್ತಿ ಕೆಡಿಸ್ಕೊಂಡ ಸಂಜೆ

ಜುಲೈ 19, ಸಂಜೆ ಏಳಾಗ್ತಾ ಬಂದಿತ್ತು. ನಾನು ಶಿವಮೊಗ್ಗದಲ್ಲಿ ಒಬ್ರು ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಕೆಲಸಕ್ಕಿದೀನಿ. ಪ್ರತಿ ತಿಂಗಳು 20ಕ್ಕೆ ಜಿಎಸ್‌ಟಿಆರ್-3ಬಿ ಅನ್ನೋ ಜಿಎಸ್‌ಟಿ ರಿಟರ್ನ್ ಹಾಕ್ಬೇಕಲ್ಲ, ಹಿಂದಿನ ದಿನ ಆಫೀಸಲ್ಲಿ ಯಾರೂ ಟೀ ಕುಡಿಯಕ್ಕೂ ಏಳಲ್ಲ. ತಪ್ಪಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಟ್ಯಾಕ್ಸ್ ಬಾಕಿ ಇದ್ರೆ ವರ್ಷಕ್ಕೆ 18% ಲೆಕ್ಕದಲ್ಲಿ ಬಡ್ಡಿ, ಪಾರ್ಟಿ (ಅಂದ್ರೆ ನಮ್ ಗಿರಾಕಿ) ಬೈಗುಳ ಅಂತೂ ಪುಕ್ಕಟೆ.

ಅವತ್ತು ನನ್ನ ಪಾಲಿಗೆ ಉಳಿದಿದ್ದು ಎರಡು ಪಾರ್ಟಿ, ಒಂದು ಅಡಿಕೆ ಮಂಡಿ, ಇನ್ನೊಂದು ಹಾರ್ಡ್‌ವೇರ್ ಅಂಗಡಿ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಿಂದ ತೆಗೆದ ಪರ್ಚೇಸ್ ರಿಜಿಸ್ಟರ್ ಒಂದ್ಕಡೆ, 14ಕ್ಕೆ ಬಂದ 2ಬಿ (ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ಲೇ ಮಾಡೋ ಪಟ್ಟಿ) ಇನ್ನೊಂದ್ಕಡೆ ಇಟ್ಕೊಂಡು ಯಾವ ಬಿಲ್ಲು ಬಂದಿದೆ ಯಾವುದು ಬಂದಿಲ್ಲ ಅಂತ ತಾಳೆ ನೋಡೋದು. ಎರಡು ಪಾರ್ಟಿ ಅಂದ್ರೆ ನಾಲ್ಕು ಎಕ್ಸೆಲ್ ವಿಂಡೋ. ಎರಡೂ ರಿಜಿಸ್ಟರಿಗೆ ನಾನೇ 'ಪರ್ಚೇಸ್ ಜೂನ್' ಅಂತ ಹೆಸರಿಟ್ಟಿದ್ದೆ, ಒಂದೇ ಹೆಸರಿನ ಎರಡು ಫೈಲ್ ಎಕ್ಸೆಲ್ ಒಟ್ಟಿಗೆ ಓಪನ್ ಮಾಡಲ್ಲ ಅಂದಿದ್ದಕ್ಕೆ ಹಾರ್ಡ್‌ವೇರಿಂದಕ್ಕೆ ಕೊನೇಲಿ ಒಂದು ಅಂಡರ್‌ಸ್ಕೋರ್ ಹಾಕಿ ಬುದ್ಧಿವಂತ ಅನ್ಕೊಂಡೆ. ಆಲ್ಟ್ ಟ್ಯಾಬ್ ಒತ್ತಿದಾಗ ಆ ಗೀಟು ಯಾರ್ ಕಣ್ಣಿಗೆ ಬೀಳುತ್ತೆ ಹೇಳಿ.

ಮಂಡಿಗೆ ಹಾಕ್ಬೇಕಿದ್ದ ಮೂವತ್ತೆಂಟು ಸಾಲು ಹಾರ್ಡ್‌ವೇರ್ ಫೈಲಿಗೆ ಪೇಸ್ಟ್ ಆಗೋಗಿತ್ತು, ಅದೂ ಅಮೌಂಟ್ ಕಾಲಮ್ಮಿನ ಮೇಲೇ. ಗೊತ್ತೇ ಆಗ್ಲಿಲ್ಲ. ವಾಪಸ್ ಮಂಡಿ ಫೈಲಿಗೆ ಬಂದು ಅರ್ಧ ಗಂಟೆ ಬೇರೆ ಕೆಲಸ ಮಾಡ್ದೆ, ಬಿಲ್ ನಂಬರಲ್ಲಿರೋ ಸೊನ್ನೆ, ಸ್ಲ್ಯಾಶ್ ಎಲ್ಲ ಸರಿ ಮಾಡೋದು (ನಮ್ ಪಾರ್ಟಿ '1' ಅಂತ ಬರ್ದಿರ್ತಾರೆ, ಸಪ್ಲೈಯರ್ '001/24-25' ಅಂತ, ಎರಡು ಪಟ್ಟಿ ತಾಳೆ ಹಾಕೋ ಎಕ್ಸೆಲ್ ಫಾರ್ಮುಲಾ ವಿಲುಕಪ್ ಪಾಪ ಏನ್ ಮಾಡುತ್ತೆ). ಆಮೇಲೆ ಹಾರ್ಡ್‌ವೇರ್ ಫೈಲ್ ತೆಗೆದ್ರೆ ಸಿಮೆಂಟ್ ಬಿಲ್ಲಿನ ಮುಂದೆ ಅಡಿಕೆ ರೇಟು!

ಸರಿ, ಅದೇ ವಿಂಡೋದಲ್ಲಿ ಕೂತು, ಮಾಡಿದ್ದನ್ನ ವಾಪಸ್ ತೆಗೆಯೋ ಕಂಟ್ರೋಲ್ ಝಡ್ ಒತ್ತಿದೆ. ಏನೂ ಆಗ್ಲಿಲ್ಲ ಅನ್ನಿಸ್ತು, ಟಪಟಪ ಅಂತ ಹತ್ತಿಪ್ಪತ್ತು ಸಲ ಒತ್ತಿದೆ. ಕಣ್ಬಿಟ್ಟು ನೋಡಿದ್ರೆ ಮಂಡಿ ಫೈಲ್ ತಾನಾಗೇ ಮುಂದೆ ಬಂದು ನಿಂತಿದೆ, ಅಲ್ಲಿ ನಾನು ಅರ್ಧ ಗಂಟೆ ಸರಿ ಮಾಡಿದ್ದೆಲ್ಲ ಒಂದೊಂದಾಗಿ ವಾಪಸ್ ಹೋಗ್ತಿದೆ. ಗಾಬರೀಲಿ ಯಾವ್ದೋ ಸೆಲ್ಲಲ್ಲಿ ಏನೋ ಟೈಪ್ ಮಾಡಿ ಎಂಟರ್ ಹೊಡ್ದೆ, ಅಲ್ಲಿಗೆ, ವಾಪಸ್ ಹೋಗಿದ್ದನ್ನ ಮತ್ತೆ ತರೋ ಕಂಟ್ರೋಲ್ ವೈ ದಾರೀನೂ ಬಂದ್.

ಪಕ್ಕದ ಟೇಬಲ್ಲಿನ ಸೀನಿಯರ್ ಅಕ್ಕ ಕುರ್ಚಿ ಎಳ್ಕೊಂಡು ಬಂದ್ರು. "ಅಯ್ಯೋ ಮಾರಾಯಾ, ವಿಂಡೋ ನಾಲ್ಕಿರ್ಬಹುದು, ಅಂಡೂ ಒಂದೇ ಕಣೋ" ಅಂದ್ರು. ಅಂಡೂ (undo) ಅಂದ್ರೆ ಇದೇ ಕಂಟ್ರೋಲ್ ಝಡ್ ಕೆಲಸ, ಅದು ಎಲ್ಲ ಫೈಲಿಗೂ ಸೇರಿ ಕೊನೇದರಿಂದ ಹಿಂದಕ್ಕೆ ಹೋಗುತ್ತೆ. ವಠಾರದ ಮನೆ ಥರ ಅಂತೆ, ಬಾಗಿಲು ಬೇರೆ ಬೇರೆ, ನಲ್ಲಿ ಒಂದೇ. 2010ರ ಎಕ್ಸೆಲ್‌ವರೆಗೂ ಎಲ್ಲ ಫೈಲೂ ಒಂದೇ ದೊಡ್ಡ ಚೌಕಟ್ಟಿನೊಳಗೆ ಇರ್ತಿದ್ವು, 2013ರಿಂದ ಒಂದೊಂದು ಫೈಲಿಗೂ ಅದರದ್ದೇ ವಿಂಡೋ ಬಂತು. ಎರಡು ಮಾನಿಟರ್ ಇರೋರಿಗೆ ಅದು ಸ್ವರ್ಗನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕಣ್ಣಿಗೆ ಬೇರೆ ಬೇರೆ ಕಾಣೋದಕ್ಕೆ ಒಳಗೂ ಬೇರೆ ಅನ್ಕೊಂಡು ನಾನು ಇಷ್ಟು ವರ್ಷ ಕೆಲಸ ಮಾಡಿದೀನಿ.

ನಿಜವಾಗ್ಲೂ ಬೇರೆ ಬೇಕು ಅಂದ್ರೆ ಆಲ್ಟ್ ಕೀ ಒತ್ತಿ ಹಿಡ್ಕೊಂಡು ಎಕ್ಸೆಲ್ ಓಪನ್ ಮಾಡ್ಬೇಕು, ಹೊಸ ಇನ್‌ಸ್ಟನ್ಸ್ (ಅಂದ್ರೆ ಪೂರ್ತಿ ಬೇರೆಯಾಗಿ ಓಡೋ ಇನ್ನೊಂದು ಎಕ್ಸೆಲ್) ಬೇಕಾ ಅಂತ ಕೇಳೋವರೆಗೂ ಕೈ ಬಿಡ್ಬಾರ್ದು. ಆಗ ಅಂಡೂ ಕೂಡ ಬೇರೆ. ನಾನು ಅತಿ ಉತ್ಸಾಹದಲ್ಲಿ ನಾಲ್ಕು ಫೈಲನ್ನೂ ನಾಲ್ಕು ಇನ್‌ಸ್ಟನ್ಸಲ್ಲಿ ತೆಗೆಯಕ್ಕೆ ಹೋದೆ, ವಿಲುಕಪ್ ಬರೆಯುವಾಗ ಆ ಕಡೆ ಫೈಲನ್ನ ಮೌಸಲ್ಲಿ ಸೆಲೆಕ್ಟ್ ಮಾಡಕ್ಕೇ ಆಗಲ್ಲ. "ಪಾರ್ಟಿಗೊಂದು ಸಾಕು, ಅದರ ರಿಜಿಸ್ಟರ್, ಅದರ 2ಬಿ ಒಟ್ಟಿಗಿರ್ಲಿ" ಅಂತ ಅಕ್ಕ ತಲೆಗೆ ಮೊಟಕಿದ್ರು.

ಕೊನೆಗೆ ಎರಡೂ ಫೈಲ್ ಸೇವ್ ಮಾಡದೇನೇ ಕ್ಲೋಸ್ ಮಾಡಿ, ಐದೂಮುಕ್ಕಾಲಿಗೆ ಸೇವ್ ಮಾಡಿದ್ದನ್ನೇ ತೆಗೆದು ಮತ್ತೆ ಶುರು ಮಾಡ್ದೆ. ಮುಗಿಯೋ ಹೊತ್ತಿಗೆ ಹತ್ತೂವರೆ. ಈಗ ಮಂಡಿ ಫೈಲಿನ ಮೊದಲ ಸಾಲಿಗೆ ಅಡಿಕೆ ಕೆಂಪು, ಹಾರ್ಡ್‌ವೇರಿಗೆ ನೀಲಿ ಬಳಿದಿಟ್ಟಿದೀನಿ, ಹೆಸರೂ ಬದಲಾಯಿಸಿದೀನಿ. ಬೆಳಗ್ಗೆ ಒಂಬತ್ತಕ್ಕೇ ಹಾರ್ಡ್‌ವೇರ್ ಸಾಹುಕಾರ್ರು ಫೋನ್ ಮಾಡಿದ್ರು, "ಏನಪ್ಪಾ, ಒಂದ್ ಬಟನ್ ಒತ್ತಿದ್ರೆ ಆಗುತ್ತಂತಲ್ಲ, ಇನ್ನೂ ಆಗಿಲ್ವಾ?"