ಪ್ರೀಸ್ಟ್ ಪಕ್ಕದಲ್ಲೇ ನಿಂತಿರುವಾಗ ಪಾತ್ರ ಸಾಯುವುದು ಹೇಗೆ?

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ರೋಲ್‌ಪ್ಲೇ ಸರ್ವರ್‌ಗಳಿಗೆ, ಅಂದರೆ ಆಟಗಾರರು ತಮ್ಮ ಪಾತ್ರವಾಗಿಯೇ ಮಾತಾಡಿ ಕಥೆ ಕಟ್ಟುವ ಜಾಗಗಳಿಗೆ, ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: “ಇಲ್ಲಿ ಸತ್ತವರು ಮರುಕ್ಷಣವೇ ಎದ್ದು ಬರುತ್ತಾರೆ, ಪ್ರೀಸ್ಟ್ (ಗಾಯ ವಾಸಿಮಾಡುವ ಪಾತ್ರ) ಒಂದು ಮಂತ್ರ ಹಾಕಿದರೆ ಸಾಕು. ಹಾಗಿರುವಾಗ ಗಾಯ, ನೋವು, ಸಾವು ಎಂದು ಬರೆಯುವುದಕ್ಕೆ ಏನರ್ಥ? ಆಟದ ಮೆಕ್ಯಾನಿಕ್ಸ್, ಅಂದರೆ ಯಂತ್ರದ ನಿಯಮಗಳನ್ನು ನಂಬಬೇಕೋ, ಕಥೆಯನ್ನು ನಂಬಬೇಕೋ?”

ನಿಮ್ಮ ಪಾತ್ರಕ್ಕೆ ಮಾತ್ರ ತಟ್ಟುವ ವಿಷಯವಾದರೆ ನಿಮಗೆ ಸರಿ ಕಂಡದ್ದನ್ನು ನಂಬಿ. ಇನ್ನೊಬ್ಬರ ಪಾತ್ರಕ್ಕೆ ತಟ್ಟುವುದಾದರೆ, ಸೋಲುವವರು ಸೋಲುವ ಮೊದಲೇ ಒಪ್ಪಿಕೊಂಡಿದ್ದ ನಿಯಮವನ್ನು ನಂಬಿ. ಇಷ್ಟೇ ನನ್ನ ಉತ್ತರ. ಯಾವುದು ಹೆಚ್ಚು ನೈಜ ಎಂಬ ವಾದಕ್ಕೆ ಇಳಿದರೆ ಕೊನೆಯಿಲ್ಲ, ಏಕೆಂದರೆ ಈ ಆಟದಲ್ಲಿ ಮೈತುಂಬ ಉಕ್ಕಿನ ಕವಚ ತೊಟ್ಟ ಯೋಧ ಸೆಕೆಂಡಿಗೆ 7 ಗಜದಂತೆ ಓಡುತ್ತಾನೆ. ಗಂಟೆಗೆ ಸುಮಾರು 23 ಕಿಲೋಮೀಟರ್. ದಣಿವೇ ಇಲ್ಲ.

ಮೊದಲು ಸಾವಿನ ವಿಷಯ. ಆಟದಲ್ಲಿ ಸತ್ತರೆ ನಿಮ್ಮ ಆತ್ಮ ಹತ್ತಿರದ ಸ್ಮಶಾನದಲ್ಲಿ ಮೂಡುತ್ತದೆ. ಓಡಿ ದೇಹದ ಬಳಿ ಹೋದರೆ ಅರ್ಧ ಆರೋಗ್ಯದೊಂದಿಗೆ ಎದ್ದೇಳುತ್ತೀರಿ, ತೊಟ್ಟ ಸಾಮಗ್ರಿಯ ಬಾಳಿಕೆ 10% ಸವೆಯುತ್ತದೆ. ಓಡಲು ಮನಸ್ಸಿಲ್ಲದೆ ಸ್ಮಶಾನದ ಸ್ಪಿರಿಟ್ ಹೀಲರ್ ಕೈಯಲ್ಲಿ ಎಬ್ಬಿಸಿಕೊಂಡರೆ ಸವೆತ 25%, ಮೇಲಿನ ಲೆವೆಲ್‌ಗಳಲ್ಲಿ 10 ನಿಮಿಷ ಶಕ್ತಿಯೆಲ್ಲ ಕುಗ್ಗಿರುತ್ತದೆ. ಈ ಅಂಕಿಗಳನ್ನು ನಿಗದಿ ಮಾಡಿದ್ದು ಆಟಗಾರ ಎಷ್ಟು ಬೇಸರ ಸಹಿಸಬಲ್ಲ ಎಂಬ ಲೆಕ್ಕದಲ್ಲಿ. ಕಠಿಣ ರೇಡ್‌ಗೆ (ದೊಡ್ಡ ಗುಂಪು ಸೇರಿ ಮಾಡುವ ದಾಳಿಗೆ) ಇಳಿದ ತಂಡ ಒಂದೇ ರಾತ್ರಿಯಲ್ಲಿ ಒಬ್ಬನೇ ಬಾಸ್, ಅಂದರೆ ಬಲಿಷ್ಠ ಶತ್ರುವಿನ ಎದುರು ಹತ್ತಾರು ಸಲ ಪೂರ್ತಿ ಸಾಯುತ್ತದೆ. ಅಷ್ಟೂ ಸಾವುಗಳನ್ನು ಕಥೆಯ ಸಾವೆಂದು ಎಣಿಸಿದರೆ ಆಟದ ಲೋಕವಾದ ಅಜೆರಾತ್‌ನಲ್ಲಿ ಒಬ್ಬರೂ ಉಳಿಯುವುದಿಲ್ಲ.

ಆಟ ತಯಾರಿಸಿದವರೂ ತಮ್ಮ ಕಥೆಯಲ್ಲಿ ಸತ್ತವರನ್ನು ಎಬ್ಬಿಸುವ ಮಂತ್ರವನ್ನು ಅಕ್ಷರಶಃ ನಂಬಿಲ್ಲ. 2016ರ ಲೀಜನ್ ವಿಸ್ತರಣೆಯಲ್ಲಿ ಆಟದ ಎರಡು ಬಣಗಳಲ್ಲಿ ಒಂದಾದ ಹೋರ್ಡ್‌ನ ವಾರ್‌ಚೀಫ್ (ಮುಖಂಡ) ವೋಲ್‌ಜಿನ್ ಯುದ್ಧದಲ್ಲಿ ಗಾಯಗೊಂಡು ಓರ್ಗ್ರಿಮಾರ್‌ಗೆ ಮರಳಿದ. ವಾಸಿಮಾಡಬಲ್ಲ ಶಾಮನ್‌ಗಳೂ ಪ್ರೀಸ್ಟ್‌ಗಳೂ ತುಂಬಿರುವ ಆ ರಾಜಧಾನಿಯಲ್ಲೇ, ಸಿಂಹಾಸನದ ಮೇಲೆಯೇ ಪ್ರಾಣ ಬಿಟ್ಟ. ಹಾಗಾಗಿ ಅನುಭವಿ ರೋಲ್‌ಪ್ಲೇಯರ್‌ಗಳು ಸಾಮಾನ್ಯವಾಗಿ ಹೀಗೆ ನಡೆದುಕೊಳ್ಳುತ್ತಾರೆ: ಮಂತ್ರ ರಕ್ತ ನಿಲ್ಲಿಸುತ್ತದೆ, ಚರ್ಮ ಕೂಡಿಸುತ್ತದೆ; ಹೋದ ರಕ್ತ ಊಟ, ನಿದ್ದೆಯಿಂದಲೇ ತುಂಬಬೇಕು, ಮುರಿದ ಮೂಳೆಗೆ ಮಂತ್ರದ ಜೊತೆ ದಿನಗಳೂ ಬೇಕು. ಎಬ್ಬಿಸುವ ಮಂತ್ರವನ್ನು ‘ಸಾಯುವ ಅಂಚಿನಿಂದ ಹಿಂದೆಳೆದರು’ ಎಂದು ಬರೆಯುತ್ತಾರೆ. ಪಾತ್ರ ನಿಜಕ್ಕೂ ಸಾಯುವುದು ಅದರ ಒಡೆಯರು ಸರಿ ಎಂದಾಗ ಮಾತ್ರ. ಇನ್ನೊಬ್ಬರ ಪಾತ್ರವನ್ನು ಕೊಂದೆ ಎಂದು ನೀವು ಎಮೋಟ್ (ಪಾತ್ರದ ಕ್ರಿಯೆ ಹೇಳುವ ಸಾಲು) ಬರೆದರೆ ಅದಕ್ಕೆ ಬೆಲೆಯಿಲ್ಲ. ‘ಕತ್ತಿ ಬೀಸಿದ’ ಎನ್ನುವವರೆಗೆ ನಿಮ್ಮದು; ಅದು ತಗುಲಿತೋ ಇಲ್ಲವೋ ಎಂದು ಬರೆಯಬೇಕಾದವರು ಎದುರಿನವರು.

ಗಾಯವನ್ನು ನಿಭಾಯಿಸಲು ಟೋಟಲ್ ಆರ್‌ಪಿ 3 ಎಂಬ ಆಡ್‌ಆನ್ (ಆಟಕ್ಕೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಸಾಕು. ನಿಮ್ಮ ಮೇಲೆ ಮೌಸ್ ಇಟ್ಟವರಿಗೆ ಪಾತ್ರದ ವಿವರ ತೋರಿಸುವ ಆಡ್‌ಆನ್ ಅದು. ಈ ಕ್ಷಣದ ಸ್ಥಿತಿ ಬರೆಯಲು ಅದರಲ್ಲೇ ಬೇರೆ ಜಾಗವಿದೆ. ‘ಎಡಗೈಗೆ ಪಟ್ಟಿ, ಗುರಾಣಿ ಎತ್ತಲಾರ’ ಎಂದು ಒಂದೇ ಸಾಲು ಹಾಕಿ. ಮೂರು ಪ್ಯಾರಾ ಗಾಯದ ವರ್ಣನೆಯನ್ನು ಯಾರೂ ಓದುವುದಿಲ್ಲ. ಎಷ್ಟು ದಿನದ ಗಾಯ ಎಂದು ಆ ಹೊತ್ತಿಗೇ ತೀರ್ಮಾನಿಸಿ, ವಾಸಿಯಾದ ದಿನ ಸಾಲನ್ನು ಅಳಿಸಿ. ತಿಂಗಳುಗಟ್ಟಲೆ ಉಳಿದ ‘ರಕ್ತ ಸುರಿಯುತ್ತಿದೆ’ ಎಂಬ ಸಾಲು ನೋಡಿದವರು ನಿಮ್ಮ ಬೇರೆ ಯಾವ ಸಾಲನ್ನೂ ನಂಬುವುದಿಲ್ಲ.

ಇನ್ನು ಇಬ್ಬರ ನಡುವೆ ಹೊಡೆದಾಟ. “ಆಟದಲ್ಲೇ ಡ್ಯುಯೆಲ್ (ಇಬ್ಬರ ಪಂದ್ಯ) ಇದೆಯಲ್ಲ, ಅದರಲ್ಲಿ ಗೆದ್ದವನೇ ಗೆದ್ದ” ಎನ್ನುವವರಿದ್ದಾರೆ. ಡ್ಯುಯೆಲ್‌ನಲ್ಲಿ ಸೋತವರು ಸಾಯುವುದಿಲ್ಲ, 1 ಆರೋಗ್ಯಕ್ಕೆ ಇಳಿದಾಗ ಪಂದ್ಯ ನಿಲ್ಲುತ್ತದೆ; ಪಂದ್ಯದ ಜಾಗದಲ್ಲಿ ನೆಟ್ಟ ಬಾವುಟದಿಂದ ದೂರ ಹೋದರೆ ಹತ್ತು ಸೆಕೆಂಡಿನಲ್ಲಿ ಹಿಂದಿರುಗಬೇಕು. ಇಬ್ಬರೂ ಮೊದಲೇ ಒಪ್ಪಿದ್ದರೆ ಅದೂ ಒಳ್ಳೆಯ ನಿಯಮವೇ. ತೊಂದರೆ ಏನೆಂದರೆ ಡ್ಯುಯೆಲ್ ಅಳೆಯುವುದು ಲೆವೆಲ್ ಎಷ್ಟು, ಸಾಮಗ್ರಿ ಎಂಥದು, ಬೆರಳು ಎಷ್ಟು ಚುರುಕು ಎಂಬುದನ್ನು. ಇಪ್ಪತ್ತು ವರ್ಷ ಸೇನೆಯಲ್ಲಿದ್ದ ಕ್ಯಾಪ್ಟನ್ ಎಂದು ಬರೆದುಕೊಂಡ ಪಾತ್ರದ ಒಡೆಯರು ರೇಡ್‌ಗೇ ಹೋಗದೆ ಇರಬಹುದು; ರೊಟ್ಟಿ ಮಾರುವ ಹುಡುಗಿಯ ಪಾತ್ರ ಮಾಡುವವರು ಪ್ರತಿ ವಾರ ರೇಡ್‌ನಿಂದ ಹೊಸ ಸಾಮಗ್ರಿ ತರುತ್ತಿರಬಹುದು. ಪ್ಯಾಲಡಿನ್ (ಪವಿತ್ರ ಯೋಧ) ಡಿವೈನ್ ಶೀಲ್ಡ್ ಮಂತ್ರ ಹಾಕಿ 8 ಸೆಕೆಂಡ್ ಯಾವ ಏಟೂ ತಾಗದಂತೆ ನಿಲ್ಲುವುದನ್ನು ಹೋಟೆಲ್ ಜಗಳದ ಕಥೆಯಲ್ಲಿ ಹೇಗೆ ಬರೆಯುತ್ತೀರಿ?

ಆದ್ದರಿಂದ ಹೆಚ್ಚಿನವರು ದಾಳಕ್ಕೆ ಬರುತ್ತಾರೆ. ರೋಲ್ ಎಂಬ ಆದೇಶ ಕೊಟ್ಟರೆ ಸರ್ವರ್ 1ರಿಂದ 100ರೊಳಗೆ ಒಂದು ಸಂಖ್ಯೆ ಕೊಡುತ್ತದೆ; ಮುಂದೆ 20 ಎಂದು ಸೇರಿಸಿದರೆ 1ರಿಂದ 20. ಎಲ್ಲರಿಗೂ ಕಾಣಬೇಕಾದರೆ ಮೊದಲು ಒಂದೇ ಪಾರ್ಟಿಗೋ (ಸಣ್ಣ ತಂಡ) ರೇಡ್ ಗುಂಪಿಗೋ ಸೇರಿಕೊಳ್ಳಿ. ದಾಳದ ಸಾಲಿನಲ್ಲಿ ಸಂಖ್ಯೆಯ ಪಕ್ಕ ವ್ಯಾಪ್ತಿಯೂ ಇರುತ್ತದೆ, ಅದನ್ನು ನೋಡಿ: 90ರಿಂದ 100 ಎಂದು ಕೇಳಿದರೂ ಸರ್ವರ್ ಇಲ್ಲವೆನ್ನದೆ ಕೊಡುತ್ತದೆ. ಬಣ್ಣವನ್ನೂ ನೋಡಿ. ನಿಜವಾದ ದಾಳದ ಸಾಲು ಹಳದಿ, ಕೈಯಾರೆ ಬರೆದ ಎಮೋಟ್ ಕಿತ್ತಳೆ.

ದಾಳದಲ್ಲಿ ಹೆಚ್ಚಿನ ಗುಂಪುಗಳು ಎಡವುವುದು ಬೋನಸ್ ಲೆಕ್ಕದಲ್ಲಿ. ಇಬ್ಬರೂ 20ರ ದಾಳ ಹಾಕಿ ಹೆಚ್ಚು ಬಂದವರು ಗೆಲ್ಲುವ ಪದ್ಧತಿ ಇಟ್ಟುಕೊಳ್ಳಿ. ಸಮಬಲರಾದರೆ ಒಬ್ಬೊಬ್ಬರಿಗೆ 47.5% ಗೆಲುವು, 5% ಸಮ. ನುರಿತ ಯೋಧನಿಗೆ 3 ಅಂಕ ಕೂಡಿಸಿದರೆ ಅವನ ಗೆಲುವು ಸುಮಾರು 62%ಕ್ಕೆ ಏರುತ್ತದೆ. ವ್ಯತ್ಯಾಸ ಕಾಣುತ್ತದೆ, ಆದರೂ ಎದುರಾಳಿಗೆ ಅವಕಾಶ ಉಳಿದಿರುತ್ತದೆ. ಅದೇ 3 ಅಂಕವನ್ನು 100ರ ದಾಳಕ್ಕೆ ಕೂಡಿಸಿದರೆ ಗೆಲುವು ಬರೀ 52.5%. ಅಂದರೆ ಕ್ಯಾಪ್ಟನ್‌ಗೂ ರೊಟ್ಟಿ ಹುಡುಗಿಗೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. 100ರ ದಾಳದಲ್ಲಿ ಅದೇ ಪರಿಣಾಮ ಬೇಕಾದರೆ ಬೋನಸ್ 15ರ ಆಸುಪಾಸು ಇರಬೇಕು. ‘ದಾಳ ಪಾತ್ರಗಳನ್ನೆಲ್ಲ ಒಂದೇ ಮಾಡಿಬಿಡುತ್ತದೆ’ ಎಂಬ ದೂರಿನ ಹಿಂದೆ ಬಹಳ ಸಲ ಈ ಲೆಕ್ಕದ ತಪ್ಪಿರುತ್ತದೆ.

ಗುಂಪುಗಳು ಎಡವುವ ಎರಡನೆಯ ಜಾಗ ಸಮಯ. ಎಂಟು ಜನ ಸರದಿಯಲ್ಲಿ ಮೂರು ಮೂರು ನಿಮಿಷ ಬರೆದರೆ ಒಂದು ಸುತ್ತಿಗೆ 24 ನಿಮಿಷ. ಒಬ್ಬೊಬ್ಬರಿಗೆ ಐದು ಏಟು ತಡೆಯುವ ಶಕ್ತಿ ಕೊಟ್ಟು, ಎರಡು ಸುತ್ತಿಗೊಂದು ಏಟು ಬೀಳುವಂತಿದ್ದರೆ ಹತ್ತು ಸುತ್ತು, ನಾಲ್ಕು ಗಂಟೆ. ಅಷ್ಟರಲ್ಲಿ ಅರ್ಧ ಜನ ಮಲಗಿರುತ್ತಾರೆ. ಏಟು ಮೂರಕ್ಕೆ ಇಳಿಸಿ, ಎಲ್ಲರೂ ಒಟ್ಟಿಗೆ ಬರೆಯಲಿ, ನಾಲ್ಕು ನಿಮಿಷ ಗಡುವು ಇಡಿ, ಕಥೆ ನಡೆಸುವವರು ಎರಡು ನಿಮಿಷದಲ್ಲಿ ಫಲಿತಾಂಶ ಬರೆಯಲಿ. ಆರು ಸುತ್ತು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಶತ್ರುಗಳನ್ನು ಗುರುತಿಸಲು ಆಟದಲ್ಲೇ ನಕ್ಷತ್ರ, ತಲೆಬುರುಡೆ ಮುಂತಾದ ಎಂಟು ಗುರುತುಗಳಿವೆ, ಬಳಸಿ.

ತಾಳಮದ್ದಳೆ ಕೇಳಿದವರಿಗೆ ಈ ಒಪ್ಪಂದ ಚೆನ್ನಾಗಿ ಗೊತ್ತು. ಕರ್ಣನ ಅರ್ಥಧಾರಿ ಮಾತಿನಲ್ಲಿ ಕೃಷ್ಣನನ್ನು ಎಷ್ಟೇ ಕಟ್ಟಿಹಾಕಲಿ, ಪ್ರಸಂಗದ ಪದ್ಯ ಬಂದಾಗ ಕರ್ಣ ಬೀಳುತ್ತಾನೆ. ಅದನ್ನು ಒಪ್ಪಿಯೇ ಇಬ್ಬರೂ ಕೂತಿರುವುದರಿಂದ ಮಾತು ಅಷ್ಟು ಬಿರುಸಾಗಿ ನಡೆಯುತ್ತದೆ. ಫಲಿತಾಂಶ ಮೊದಲೇ ಮಾತಾಡಿಕೊಂಡ ಡ್ಯುಯೆಲ್, ದಾಳವೂ ಇಲ್ಲದೆ, ಎಲ್ಲಕ್ಕಿಂತ ಒಳ್ಳೆಯ ಬರವಣಿಗೆ ಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅದಕ್ಕೆ ಪರಸ್ಪರ ನಂಬಿಕೆ ಬೇಕು. ಅಪರಿಚಿತರೊಂದಿಗೆ ದಾಳವೇ ಮೇಲು.

ಮಾತು ಕೇಳಿಸುವ ವಿಷಯದಲ್ಲಿ ಆಟದ ಯಂತ್ರವನ್ನು ನಂಬಲೇಬಾರದು. ‘ಸೇ’ ಎಂಬ ಸಾಮಾನ್ಯ ಚಾಟ್‌ನ ಮಾತು ಇಷ್ಟು ದೂರ ಎಂಬ ವೃತ್ತದಲ್ಲಿ ಹರಡುತ್ತದೆ, ನಡುವಿನ ಗೋಡೆ, ಮಹಡಿ ಅದಕ್ಕೆ ಲೆಕ್ಕವಿಲ್ಲ. ಗೋಲ್ಡ್‌ಶೈರ್ ಎಂಬ ಹಳ್ಳಿಯ ಇನ್‌ನ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿ ಆಡಿದ ಗುಟ್ಟು ಕೆಳಗೆ ಕುಡಿಯುತ್ತಿರುವವರ ಚಾಟ್‌ನಲ್ಲೂ ಬೀಳುತ್ತದೆ. ಗುಟ್ಟನ್ನು ಪಾರ್ಟಿ ಚಾಟ್‌ನಲ್ಲಿ ಆಡಿ. ‘ಸೇ’ಯಲ್ಲಿ ಆಡಿದ ಗುಟ್ಟು ಕೆಳಗಿರುವವರ ಚಾಟ್‌ನಲ್ಲಿ ಕಂಡರೂ ಅವರ ಪಾತ್ರ ಅದನ್ನು ಕೇಳಿಸಿಕೊಂಡಂತೆ ಬರೆಯಬಾರದು. ತಲೆಯ ಮೇಲೆ ತೇಲುವ ಹೆಸರೂ ಹಾಗೆಯೇ, ಪರಿಚಯವಾಗುವವರೆಗೆ ಅದು ನಿಮ್ಮ ಪಾತ್ರಕ್ಕೆ ಗೊತ್ತಿಲ್ಲ. ರೋಗ್ ಎಂಬ ಕಳ್ಳ ಪಾತ್ರದ ಸ್ಟೆಲ್ತ್ (ಕಾಣದಂತೆ ಅಡಗುವ ಶಕ್ತಿ) ಬಗ್ಗೆ ಜಗಳ ಹೆಚ್ಚು. ದೀಪ ಉರಿಯುವ ಕೋಣೆಯ ನಡುವೆ ಯಂತ್ರ ನಿಮ್ಮನ್ನು ಮರೆಮಾಡಬಹುದು, ಆದರೆ ಅಲ್ಲಿ ಕೇಳಿಸಿಕೊಂಡದ್ದನ್ನು ಕಥೆಯಲ್ಲಿ ಬಳಸಬೇಕಾದರೆ ‘ಪರದೆಯ ಹಿಂದೆ ಹಲಗೆ ಕಿರುಗುಟ್ಟಿತು’ ಎಂಬಂಥ ಒಂದು ಸುಳಿವು ಎಮೋಟ್ ಬಿಡಿ. ಗಮನಿಸಲು ಅವರಿಗೂ ಅವಕಾಶ ಸಿಗಬೇಕು.

ಎದುರು ಬಣದವರ ಮಾತನ್ನು ಆಟವೇ ಅರ್ಥವಾಗದಂತೆ ಬದಲಿಸುತ್ತದೆ. ಅವರ ಕೈಬರಹದ ಎಮೋಟ್ ನಿಮಗೆ ‘ವಿಚಿತ್ರ ಸನ್ನೆ ಮಾಡಿದ’ ಎಂದಷ್ಟೇ ಕಾಣುತ್ತದೆ. 2022ರಿಂದ ಎರಡು ಬಣದವರೂ ಒಂದೇ ಪಾರ್ಟಿಗೆ ಸೇರಬಹುದು, ಪಾರ್ಟಿ ಚಾಟ್ ಓದಲು ಬರುತ್ತದೆ. ಓದಲು ಬಂದ ಮಾತ್ರಕ್ಕೆ ನಿಮ್ಮ ಪಾತ್ರ ಹೋರ್ಡ್‌ನವರ ಭಾಷೆಯಾದ ಓರ್ಕಿಶ್ ಕಲಿತಂತಾಗಲಿಲ್ಲ.

ಹಣ, ದೂರ, ನಡಿಗೆ ಸುಲಭದ ವಿಷಯಗಳು. ಒಂದು ಲೋಟ ಬಿಯರ್‌ಗೆ ಸಾವಿರ ಚಿನ್ನ ಎಸೆಯಬೇಡಿ, ಬೆಳ್ಳಿ ಲೆಕ್ಕದಲ್ಲಿ ಮಾತಾಡಿ. ಸ್ಟಾರ್ಮ್‌ವಿಂಡ್ ನಗರದಿಂದ ಗೋಲ್ಡ್‌ಶೈರ್‌ಗೆ ಓಡಲು ಒಂದೆರಡು ನಿಮಿಷವೇ ಹಿಡಿದರೂ ಕಥೆಯಲ್ಲಿ ಅದನ್ನು ಪ್ರಯಾಣವೆಂದೇ ಎಣಿಸಿ. ಊರೊಳಗೆ ನಡೆಯಿರಿ, ನಡಿಗೆಯ ಕೀಲಿ ನಂಬರ್‌ಪ್ಯಾಡ್‌ನ ಸ್ಲ್ಯಾಶ್, ಲ್ಯಾಪ್‌ಟಾಪ್‌ನಲ್ಲಿ ಅದಿಲ್ಲದಿದ್ದರೆ ಬೇರೆ ಕೀಲಿಗೆ ಬದಲಿಸಿಕೊಳ್ಳಿ.

ಮೆಕ್ಯಾನಿಕ್ಸ್‌ಗೆ ತಲೆಬಾಗಲೇಬೇಕಾದ ಸಂಗತಿಯೂ ಒಂದಿದೆ: ಯಾರು ಯಾರಿಗೆ ಕಾಣುತ್ತಾರೆ ಎಂಬುದು. ಡಾರ್ಕ್‌ಶೋರ್, ತಿರಿಸ್ಫಾಲ್‌ನಂಥ ಪ್ರದೇಶಗಳಿಗೆ ಹಳೆಯದು, ಹೊಸದು ಎಂದು ಎರಡು ರೂಪಗಳಿವೆ. ಒಬ್ಬರಿಗೆ ಟೆಲ್‌ಡ್ರಾಸಿಲ್ ಎಂಬ ಮಹಾವೃಕ್ಷ ಹಸಿರಾಗಿ ಕಂಡರೆ ಇನ್ನೊಬ್ಬರಿಗೆ ಸುಟ್ಟ ಮರ, ಇಬ್ಬರೂ ಪರಸ್ಪರ ಕಾಣುವುದಿಲ್ಲ. ಅಲ್ಲಿ ನಿಂತಿರುವ ಜಿಡೋರ್ಮಿ ಎಂಬ ಆಟದ ಪಾತ್ರವನ್ನು ಮಾತಾಡಿಸಿ ಎಲ್ಲರೂ ಒಂದೇ ಕಾಲಕ್ಕೆ ಬದಲಿಸಿಕೊಳ್ಳಬೇಕು. ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮೊದಲೇ ಎಲ್ಲರನ್ನೂ ಒಂದೇ ರೇಡ್ ಗುಂಪಿಗೆ ಸೇರಿಸಿ. ಗರಿಷ್ಠ 40 ಜನ.

ಕನ್ನಡಿಗರು ಗಮನಿಸಬೇಕಾದದ್ದು: ಆಟದ ಫಾಂಟ್‌ಗಳಲ್ಲಿ ಕನ್ನಡ ಲಿಪಿ ಮೂಡುವುದಿಲ್ಲ, ಗೆಳೆಯರು ಸೇರಿ ಕನ್ನಡದಲ್ಲಿ ಆಡುವುದಾದರೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಒಂದು ಸಾಲಿಗೆ 255 ಅಕ್ಷರದ ಮಿತಿಯಿದೆ, ಉದ್ದದ ಎಮೋಟ್ ತುಂಡರಿಸಲು ಎಮೋಟ್ ಸ್ಪ್ಲಿಟರ್ ಆಡ್‌ಆನ್ ಹಾಕಿಕೊಳ್ಳಿ. ಯುರೋಪಿನ ಆರ್ಜೆಂಟ್ ಡಾನ್ ಸರ್ವರ್‌ನಲ್ಲಿ ರಾತ್ರಿ 8ಕ್ಕೆ ಕಾರ್ಯಕ್ರಮವಿದ್ದರೆ ನಮಗೆ ಚಳಿಗಾಲದಲ್ಲಿ ರಾತ್ರಿ 12.30, ಬೇಸಿಗೆಯಲ್ಲಿ 11.30.

ನಡುವೆ ತಕರಾರು ಎದ್ದರೆ ಪಾತ್ರದ ಬಾಯಲ್ಲಿ ಜಗಳವಾಡಬೇಡಿ. ಜೋಡಿ ಆವರಣ ಚಿಹ್ನೆಯೊಳಗೆ ಬರೆದದ್ದು ಪಾತ್ರದ ಮಾತಲ್ಲ, ಆಟಗಾರರ ಮಾತು ಎಂಬುದು ಅಲ್ಲಿನ ರೂಢಿ. ಹಾಗೆ ಒಂದು ಸಾಲು ಬರೆದು, ಉಳಿದದ್ದನ್ನು ವಿಸ್ಪರ್‌ನಲ್ಲಿ (ಖಾಸಗಿ ಸಂದೇಶದಲ್ಲಿ) ಮಾತಾಡಿ. ಎರಡು ನಿಮಿಷದಲ್ಲಿ ಒಪ್ಪಂದ ಆಗದಿದ್ದರೆ ಒಂದು ದಾಳ ಹಾಕಿ ಮುಂದೆ ಹೋಗಿ, ಉಳಿದವರನ್ನು ಕಾಯಿಸಬೇಡಿ.